ಕಲಬುರಗಿಯಿಂದ ಬೀದರ್‌ಗೆ ಸೈಕಲ್ ಮೇಲೆ: ಹಲವು ದಿನದ ಪ್ರವಾಸಕ್ಕೆ ತಯಾರಾಗುವ ಕ್ರಮ

ಕಲಬುರಗಿಯಿಂದ ಬೀದರ್‌ಗೆ ಸೈಕಲ್ ಮೇಲೆ ಹೊರಟ ಎಷ್ಟೋ ಜನ ಹುಮನಾಬಾದ್‌ನಲ್ಲೇ ಬಸ್ ಹತ್ತಿ ವಾಪಸ್ ಬರುತ್ತಾರೆ. ಕಾಲಲ್ಲಿ ಕಸುವಿಲ್ಲ ಅಂತಲ್ಲ. ಲೆಕ್ಕ ಹಾಕಿದ ಕ್ರಮವೇ ಉಲ್ಟಾ ಆಗಿರುತ್ತದೆ. ಮೊದಲು ದುಬಾರಿ ಸೈಕಲ್ ಕೊಳ್ಳುತ್ತಾರೆ. ಆಮೇಲೆ ಮ್ಯಾಪ್‌ನಲ್ಲಿ 115 ಕಿಲೋಮೀಟರ್ ನೋಡಿ, ‘ಗಂಟೆಗೆ 20 ಅಂದ್ರೂ ಆರು ತಾಸು’ ಅಂದುಕೊಳ್ಳುತ್ತಾರೆ. ತಿಂಗಳು, ಗಾಳಿ, ನೀರು, ತಂಗುವ ಜಾಗ ಇವೆಲ್ಲ ದಾರಿಯಲ್ಲಿ ನೆನಪಾಗುತ್ತವೆ.

ಈ ಸೀಮೆಯಲ್ಲಿ ಮೊದಲು ತಿಂಗಳು ನೋಡಬೇಕು, ಆಮೇಲೆ ರಾತ್ರಿ ತಂಗುವ ಊರು, ಆಮೇಲೆ ದಿನದ ಗಡಿಯಾರ. ಕಿಲೋಮೀಟರ್ ಅದರಿಂದ ತಾನಾಗಿಯೇ ಬರುತ್ತದೆ. ಸೈಕಲ್, ಸಾಮಾನಿನ ಮಾತು ಅದಾದ ಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ನಡುವೆ ಹಾರಿಸಬೇಡಿ.

ಹಂತ 1: ತಿಂಗಳು ಗೊತ್ತು ಮಾಡಿ

ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಮಧ್ಯಾಹ್ನದ ಬಿಸಿಲು ತಡೆಯೋದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಕಡೆ 42 ಡಿಗ್ರಿ ದಾಟುವುದು ಮಾಮೂಲು. ಆಗ ಹೊರಡುವ ಮಾತೇ ಬೇಡ.

ಮಳೆಗಾಲವೂ ಬೇಡ. ಮಳೆಯಲ್ಲಿ ನೆನೆಯುವುದಕ್ಕಿಂತ ಎರೆಮಣ್ಣೇ ಇಲ್ಲಿ ದೊಡ್ಡ ತೊಂದರೆ. ಅದರ ವಿಷಯ ಮುಂದೆ ಬರುತ್ತದೆ.

ದಿನಾಂಕ ಹಾಕುವ ಮುಂಚೆ ಪಂಚಾಂಗ ನೋಡಿ. ಮುಹೂರ್ತಕ್ಕಲ್ಲ, ಲಾಡ್ಜ್ ಸಿಗುತ್ತದೋ ಇಲ್ಲವೋ ತಿಳಿಯೋಕೆ. ಡಿಸೆಂಬರ್‌ನ ದತ್ತ ಜಯಂತಿಗೆ ಹುಮನಾಬಾದ್ ಪಕ್ಕದ ಮಾಣಿಕನಗರ ತುಂಬಿರುತ್ತದೆ. ಜನವರಿಯಲ್ಲಿ ಹುಮನಾಬಾದ್ ವೀರಭದ್ರೇಶ್ವರ ಜಾತ್ರೆ. ತಾಲೀಮಿಗೆ ಹೋಗುವ ಗಾಣಗಾಪುರದಲ್ಲಿ (ಹಂತ 6 ನೋಡಿ) ಹುಣ್ಣಿಮೆ, ಗುರುವಾರ ಬಂದರೆ ಜನವೋ ಜನ. ಕಲಬುರಗಿಯ ಬಂದೇ ನವಾಜ್ ದರ್ಗಾದ ಉರುಸಿನ ದಿನ ಪ್ರತಿ ವರ್ಷ ಬದಲಾಗುತ್ತದೆ, ಆ ವರ್ಷ ಯಾವಾಗ ಅಂತ ವಿಚಾರಿಸಿಕೊಳ್ಳಿ.

ಹಂತ 2: ರಾತ್ರಿ ಎಲ್ಲಿ ಅನ್ನೋದನ್ನು ಮೊದಲು ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ತಂಗುವ ಊರುಗಳನ್ನಷ್ಟೇ ಬರೆಯಿರಿ. ಈ ಭಾಗದಲ್ಲಿ ಲಾಡ್ಜ್ ಇರುವುದು ಹೆಚ್ಚಾಗಿ ತಾಲೂಕು ಊರುಗಳಲ್ಲಿ. ನಡುವಿನ ಹಳ್ಳಿಗಳಲ್ಲಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಮೊದಲ ಸಲ ಹೊರಡುವವರಿಗೆ ನಾನು ಹೇಳುವ ಸುತ್ತು ಇದು:

ಮೊದಲ ದಿನ ಕಲಬುರಗಿಯಿಂದ ಹುಮನಾಬಾದ್, ಸುಮಾರು 65 ಕಿಲೋಮೀಟರ್. ಎರಡನೇ ದಿನ ಬಸವಕಲ್ಯಾಣ, ಬರೀ 30ರ ಆಸುಪಾಸು. ಮೂರನೇ ದಿನ ಭಾಲ್ಕಿ ಮೂಲಕ ಬೀದರ್, ಸುಮಾರು 80. ನಾಲ್ಕನೇ ದಿನ ಬೀದರ್‌ನಲ್ಲಿ ಸುಮ್ನೆ ಇರಿ. ಐದನೇ ದಿನ ಹುಮನಾಬಾದ್‌ಗೆ 50, ಆರನೇ ದಿನ ಮನೆ.

ಎರಡನೇ ದಿನ ಅಷ್ಟು ಕಡಿಮೆ ಯಾಕೆ ಅಂತ ಕೇಳ್ತೀರಿ. ಮೈ ನೋಯುವುದು ಮೊದಲ ದಿನವಲ್ಲ, ಎರಡನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂತಾಗ. ಅವತ್ತು ಅರ್ಧ ದಿನದಲ್ಲಿ ಮುಗಿಸಿ, ಮಧ್ಯಾಹ್ನ ಕೋಟೆ, ಅನುಭವ ಮಂಟಪ, 108 ಅಡಿಯ ಬಸವೇಶ್ವರ ಮೂರ್ತಿ ನೋಡಿಕೊಂಡು ಬೇಗ ಮಲಗಿದರೆ ಮೂರನೇ ದಿನದ 80 ಕಿಲೋಮೀಟರ್ ಭಾರ ಅನ್ನಿಸುವುದಿಲ್ಲ. ಈ ದಿನವನ್ನು ಉಳಿಸಲು ಹೋದವರೇ ಹೆಚ್ಚಾಗಿ ಅರ್ಧಕ್ಕೆ ಬಿಡುತ್ತಾರೆ.

ಈ ಸುತ್ತಿಗೆ ಇನ್ನೊಂದು ಕಾರಣವೂ ಇದೆ. ಕಲಬುರಗಿಗಿಂತ ಬೀದರ್ ಸುಮಾರು 200 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದ ಕಡೆಯಿಂದ ಬೀಸುತ್ತದೆ. ಬೀದರ್ ಇರುವುದೂ ಈಶಾನ್ಯಕ್ಕೇ. ಅಂದರೆ ಹೋಗುವಾಗ ಏರು, ಎದುರು ಗಾಳಿ ಎರಡೂ ಸೇರುತ್ತವೆ, ಬರುವಾಗ ಎರಡೂ ನಿಮ್ಮ ಕಡೆ. ಅದಕ್ಕೇ ಹೋಗುವ ದಾರಿಯನ್ನು ಮೂರು ದಿನ ಮಾಡಿದ್ದು, ಬರುವುದನ್ನು ಎರಡೇ ದಿನ.

ಯಾದಗಿರಿ ಕಡೆ ಹೋಗಬೇಕು ಅನ್ನುವವರಿಗೆ ಕಲಬುರಗಿ, ಜೇವರ್ಗಿ, ಶಹಾಪುರ, ಯಾದಗಿರಿ, ಅಲ್ಲಿಂದ ವಾಡಿ ಮೂಲಕ ವಾಪಸ್ ಬರುವ ಸುತ್ತು ಇದೆ. ಏರು ಕಡಿಮೆ, ಬಿಸಿಲು ಜಾಸ್ತಿ. ವಾಡಿ, ಶಹಾಬಾದ್ ಸುತ್ತ ಸಿಮೆಂಟು, ಕಲ್ಲು ಹೊತ್ತ ಲಾರಿಗಳ ಓಡಾಟ ಇರುತ್ತದೆ. ಮೊದಲ ಪ್ರವಾಸಕ್ಕೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಲಾಡ್ಜಿಗೆ ಹಿಂದಿನ ದಿನವೇ ಫೋನ್ ಮಾಡಿ. ಕೇಳಬೇಕಾದ ಮೊದಲ ಪ್ರಶ್ನೆ ರೂಮಿನ ಬಾಡಿಗೆ ಅಲ್ಲ, ‘ಸೈಕಲ್ ಒಳಗೆ ಇಡಬಹುದಾ?’ ಕೆಳಗಿನ ಮಹಡಿಯ ರೂಮು ಕೇಳಿ. ಸೈಕಲ್ ಹೊರಗೇ ಬಿಡಬೇಕಾದರೆ ಬೀಗದ ಸರಪಳಿ ಎರಡೂ ಗಾಲಿಯಲ್ಲಿ ಹಾದು ಕಿಟಕಿ ಸರಳಿಗೋ ಕಂಬಕ್ಕೋ ಬೀಳಬೇಕು. ಆಧಾರ್ ಕಾರ್ಡ್ ಜೊತೆಗಿರಲಿ.

ಹಂತ 3: ದಿನವನ್ನು ಗಡಿಯಾರದಿಂದ ಕತ್ತರಿಸಿ

ಬೆಳಕು ಹರಿದ ಕೂಡಲೇ ಹೊರಡಿ, 11 ಗಂಟೆಗೆ ನಿಲ್ಲಿಸಿ. ಸಂಜೆ ನಾಲ್ಕಕ್ಕೆ ಮತ್ತೆ ಹತ್ತಿ, ಆರಕ್ಕೆ ಮುಂಚೆ ಊರು ಸೇರಿ. ಡಿಸೆಂಬರ್‌ನಲ್ಲಿ ಆರಕ್ಕೇ ಕತ್ತಲು ಕವಿಯುತ್ತದೆ. ಚಳಿಗಾಲವೇ ಆದರೂ ಮಧ್ಯಾಹ್ನದ ಬಿಸಿಲು ಕಡಿಮೆ ಇರುವುದಿಲ್ಲ, ಬೋಳು ಬಯಲಿನಲ್ಲಿ ನೆರಳೂ ಸಿಗುವುದಿಲ್ಲ.

ಸಾಮಾನು ಹೇರಿದ ಸೈಕಲ್ಲಿನ ವೇಗ ಗಂಟೆಗೆ 12ರಿಂದ 14 ಅಂತ ಹಿಡಿಯಿರಿ. ಖಾಲಿ ಸೈಕಲ್ಲಲ್ಲಿ ಊರೊಳಗೆ 20 ಓಡಿಸಿದ ಲೆಕ್ಕ ಇಲ್ಲಿ ನಡೆಯದು. ಬೆಳಿಗ್ಗೆ ನಾಲ್ಕು ತಾಸಿಗೆ 50 ಬಂತು. ಉಳಿದ 15 ಸಂಜೆಗೆ. ಹುಮನಾಬಾದ್ ಸರಿಯಾಗಿ ಒಂದು ದಿನದ ದಾರಿ ಆಯ್ತು ನೋಡಿ.

ದಾರಿ ಕೇಳುವಾಗ ಒಂದು ಎಚ್ಚರ. ‘ಇಲ್ಲೇ ಅದ ರೀ, ಎರಡು ಕಿಲೋಮೀಟ್ರ್’ ಅಂದರೆ ಎರಡೂ ಇರಬಹುದು, ಆರೂ ಇರಬಹುದು. ಮೋಟರ್ ಸೈಕಲ್ ಮೇಲೆ ಓಡಾಡುವವರಿಗೆ ಎರಡೂ ಒಂದೇ. ಇಬ್ಬರನ್ನು ಕೇಳಿ, ಮೈಲಿಗಲ್ಲು ನೋಡಿ, ಆಮೇಲೆ ನೀರಿನ ಲೆಕ್ಕ ಹಾಕಿ.

ಹಂತ 4: ಇರುವ ಸೈಕಲ್ಲನ್ನೇ ಸಜ್ಜು ಮಾಡಿ

ಗೇರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಹೊಸ ಸೈಕಲ್ ಕೊಳ್ಳುವುದಾದರೆ ಟಯರಿನ ಅಳತೆ ನೋಡಿ ಕೊಳ್ಳಿ. 26 ಇಂಚಿನ ಟ್ಯೂಬು ತಾಲೂಕು ಊರಿನ ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ರೇಸ್ ಸೈಕಲ್ಲಿನ ಸಣಕಲು ಟ್ಯೂಬು ಸಿಗುವುದು ಕಷ್ಟ. ವಾಲ್ವ್ ಕೂಡ ನೋಡಿ. ಬೈಕಿನ ಹಾಗೆ ದಪ್ಪ ವಾಲ್ವ್ ಇದ್ದರೆ ಯಾವ ಪಂಚರ್ ಅಂಗಡಿಯಲ್ಲೂ ಗಾಳಿ ತುಂಬಿಸಬಹುದು. ಸೂಜಿಯಂಥ ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇದ್ದರೆ ಅದಕ್ಕೊಂದು ಹಿತ್ತಾಳೆಯ ಅಡಾಪ್ಟರ್ ಬೇಕು. ಬೆರಳ ತುದಿಯಷ್ಟೇ ಇರುತ್ತದೆ, ಎರಡು ತೆಗೆದುಕೊಂಡು ಒಂದನ್ನು ವಾಲ್ವಿಗೇ ತಿರುಗಿಸಿ ಬಿಡಿ.

ಹೊರಡುವ 10 ದಿನ ಮುಂಚೆ ಅಂಗಡಿಗೆ ಒಯ್ದು ಗಾಲಿಯ ಬೆಂಡು ತೆಗೆಸಿ, ಸಡಿಲಾದ ಕಡ್ಡಿ ಬಿಗಿಸಿ, ಬ್ರೇಕ್ ರಬ್ಬರ್, ಬ್ರೇಕ್ ತಂತಿ ಹೊಸದು ಹಾಕಿಸಿ. ಹಿಂದಿನ ದಿನ ಮಾಡಿಸಬೇಡಿ. ಹೊಸ ತಂತಿ ಎರಡು ಮೂರು ದಿನ ಓಡಿಸಿದ ಮೇಲೆ ಸಡಿಲ ಬೀಳುತ್ತದೆ, ಅದನ್ನು ಮತ್ತೆ ಬಿಗಿಸಬೇಕು. ಅದು ಮನೆಯಲ್ಲೇ ಆಗಲಿ.

ಸೀಟಿನ ಎತ್ತರ ಹೀಗೆ ನೋಡಿ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರ ಆಗಬೇಕು. ಬೆರಳ ಬುಡದಿಂದ ತುಳಿದಾಗ ಮಂಡಿ ಸ್ವಲ್ಪ ಬಾಗಿರುತ್ತದೆ. ಮಂಡಿಯ ಮುಂಭಾಗ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಿದೆ ಅಂತ ಅರ್ಥ. ಹಿಂಭಾಗ ಎಳೆದರೆ ಎತ್ತರ ಜಾಸ್ತಿ ಆಯ್ತು. ಒಂದೇ ಸಲಕ್ಕೆ ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ಬದಲಿಸಬೇಡಿ. ಮೆತ್ತನೆ ಜೆಲ್ ಸೀಟು ಕವರ್ ಕೊಂಡು ಮೋಸ ಹೋಗುವವರು ಬಹಳ. ಮೊದಲ ತಾಸು ಸುಖ, ಆಮೇಲೆ ಅದೇ ಉಜ್ಜಿ ತೊಡೆ ಕೀಳುತ್ತದೆ.

ಹಂತ 5: ಸಾಮಾನು ತೂಗಿ, ಆಮೇಲೆ ಕಟ್ಟಿ

ಬೆನ್ನಿಗೆ ಬ್ಯಾಗ್ ಹಾಕಬೇಡಿ. ಬೆವರು, ಕುತ್ತಿಗೆ ನೋವು, ಬೆರಳು ಮರಗಟ್ಟುವುದು ಎಲ್ಲ ಅದರಿಂದಲೇ ಶುರುವಾಗುತ್ತದೆ. ಹಿಂದೆ ಗಟ್ಟಿ ಕ್ಯಾರಿಯರ್ ಹಾಕಿಸಿ, ಎರಡೂ ಬದಿಗೆ ಸಮತೂಕ ಬರುವ ಹಾಗೆ ಚೀಲ ಇಳಿಬಿಡಿ. ಭಾರದ್ದು ಕೆಳಗೆ. ಚೀಲದ ಪಟ್ಟಿ ಕಡ್ಡಿಗೆ ಸಿಕ್ಕದ ಹಾಗೆ ನೋಡಿಕೊಳ್ಳಿ. ಕಟ್ಟಲು ಹಗ್ಗಕ್ಕಿಂತ ಹಳೆ ಟ್ಯೂಬ್ ಕತ್ತರಿಸಿದ ಪಟ್ಟಿ ಒಳ್ಳೆಯದು, ಸಡಿಲಾಗುವುದಿಲ್ಲ. ಪಂಚರ್ ಅಂಗಡಿಯಲ್ಲಿ ಪುಕ್ಕಟೆ ಕೊಡುತ್ತಾರೆ.

ನೀರು ಬಿಟ್ಟು ಎಲ್ಲ ಸೇರಿ 8 ಕಿಲೋ ದಾಟಬಾರದು. ಎರಡು ಜೊತೆ ಬಟ್ಟೆ, ಒಂದು ಶಾಲು ಸಾಕು. ಬೀದರ್‌ನ ಬೆಳಗಿನ ಚಳಿಗೆ ಮೈಮೇಲೊಂದು ತೆಳು ಜಾಕೆಟ್. ಜೀನ್ಸ್ ಬೇಡವೇ ಬೇಡ.

ಬಿಡದೆ ಒಯ್ಯಬೇಕಾದ ಸಲಕರಣೆ: ಎರಡು ಟ್ಯೂಬ್, ಪ್ಯಾಚು, ಸೊಲ್ಯೂಷನ್, ಉಪ್ಪುಕಾಗದ, ಟಯರ್ ಬಿಚ್ಚುವ ಎರಡು ಪ್ಲಾಸ್ಟಿಕ್ ಪಟ್ಟಿ, ಕೈ ಪಂಪು, ಆಲನ್ ಕೀ, ನಿಮ್ಮ ಗಾಲಿಯ ನಟ್ಟಿಗೆ ಆಗುವ ಪಾನಾ, ಸಣ್ಣ ಚಿಮಟ, ಎಣ್ಣೆ, ಒಂದು ಹಳೆ ಬನಿಯನ್. ಸೊಲ್ಯೂಷನ್ ಟ್ಯೂಬು ಒಮ್ಮೆ ತೆರೆದದ್ದಾಗಿದ್ದರೆ ಒತ್ತಿ ನೋಡಿ. ಒಳಗೆ ಒಣಗಿ ಹೋಗಿರುತ್ತದೆ, ಅದು ಗೊತ್ತಾಗುವುದು ಹೊಲದ ಬದುವಿನಲ್ಲಿ ಕೂತಾಗ.

ಹಂತ 6: ಒಂದು ರಾತ್ರಿಯ ತಾಲೀಮು

ಮೂರು ನಾಲ್ಕು ವಾರ ದಿನಬಿಟ್ಟು ದಿನ ಓಡಿಸಿ ಅಭ್ಯಾಸ ಆದ ಮೇಲೆ, ಅದೇ ಸಾಮಾನು ಹೇರಿಕೊಂಡು ಗಾಣಗಾಪುರಕ್ಕೆ ಹೋಗಿ ಒಂದು ರಾತ್ರಿ ಉಳಿದು ಬನ್ನಿ. ಹೋಗಲು 40 ಕಿಲೋಮೀಟರ್ ಚಿಲ್ಲರೆ, ಬರಲು ಅಷ್ಟೇ. ಹುಣ್ಣಿಮೆ, ಗುರುವಾರ ಬಿಟ್ಟು ಹೋದರೆ ತಂಗಲು ತೊಂದರೆ ಇಲ್ಲ.

ಇಲ್ಲಿ ನೋಡಬೇಕಾದ್ದು ವೇಗವಲ್ಲ. ಮಾರನೇ ದಿನ ಬೆಳಿಗ್ಗೆ ಸೀಟು ಸಹಿಸಿತಾ? ಚೀಲ ಹಿಮ್ಮಡಿಗೆ ಬಡಿಯಿತಾ? ಒಯ್ದದ್ದರಲ್ಲಿ ಯಾವುದನ್ನು ಮುಟ್ಟಲೇ ಇಲ್ಲ? ಸಲಕರಣೆ, ಔಷಧಿ ಬಿಟ್ಟು ಮುಟ್ಟದ್ದೆಲ್ಲ ಮನೆಯಲ್ಲೇ ಉಳಿಯಲಿ. ಈ ತಾಲೀಮಿನಲ್ಲಿ ಎರಡನೇ ದಿನ ಸೈಕಲ್ ಹತ್ತಲು ಆಗದಿದ್ದರೆ ಬೀದರ್ ಪ್ರವಾಸವನ್ನು ಎರಡು ವಾರ ಮುಂದೆ ಹಾಕಿ.

ಹಂತ 7: ನೀರು, ಉಪ್ಪು, ಊಟ

ಮೂರು ಲೀಟರ್ ಯಾವಾಗಲೂ ಸೈಕಲ್ ಮೇಲೆ ಇರಬೇಕು. ಬಾಯಾರುವವರೆಗೆ ಕಾಯಬೇಡಿ, 15 ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು. ಬೋರ್ ನೀರು ಬಹಳ ಕಡೆ ಗಡಸು, ಹೊಟ್ಟೆ ಕೆಡಿಸುವ ಸಂಭವ ಇದೆ.

ಬಹಳಷ್ಟು ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ನಾಣ್ಯ ಹಾಕಿದರೆ ಕ್ಯಾನ್ ಲೆಕ್ಕದಲ್ಲಿ ನೀರು ದಬದಬ ಸುರಿಯುತ್ತದೆ. ಒಂದು ಲೀಟರ್ ಬಾಟ್ಲಿ ಹಿಡಿದು ನಿಂತರೆ ಮುಕ್ಕಾಲು ಪಾಲು ಗಟಾರಕ್ಕೆ. ಸುಮ್ನೆ ಪಕ್ಕಕ್ಕೆ ನಿಂತು, ಕ್ಯಾನ್ ತುಂಬಲು ಬಂದವರನ್ನು ‘ಅಕ್ಕಾ, ಎರಡು ಬಾಟ್ಲಿ ತುಂಬ್ಕೋತೀನ್ರೀ’ ಅಂತ ಕೇಳಿ. ಬೇಡ ಅಂದವರನ್ನು ನಾನಂತೂ ಕಂಡಿಲ್ಲ. ಎಲ್ಲಿಂದ ಬಂದ್ರಿ, ಯಾಕೆ ಬಂದ್ರಿ, ಮದುವೆ ಆಗಿದೆಯಾ ಅನ್ನುವುದಕ್ಕೆ ಮಾತ್ರ ಉತ್ತರ ತಯಾರಿಟ್ಟುಕೊಳ್ಳಿ.

ಬರೀ ನೀರು ಕುಡಿಯುತ್ತಾ ಹೋದರೂ ತಪ್ಪು. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರಬೇಕು. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡೂ ಮಟ್ಟಸವಾಗಿರಲಿ, ತುಂಬಿ ತುಳುಕಬಾರದು. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ.

ಬೆಳಿಗ್ಗೆ ಹೊರಡುವ ಮುಂಚೆ ಎರಡು ಬಾಳೆಹಣ್ಣು, ಒಂದು ಹಿಡಿ ಶೇಂಗಾ, ಬೆಲ್ಲ. ಎಂಟರ ಹೊತ್ತಿಗೆ ಸುಸಲಾ (ಮಂಡಕ್ಕಿ ಒಗ್ಗರಣೆ) ಅಥವಾ ಉಪ್ಪಿಟ್ಟು. ಪಕ್ಕದಲ್ಲಿ ಬಿಸಿ ಮಿರ್ಚಿ ಕರೆಯುತ್ತಿರುತ್ತದೆ, ಒಂದು ಸಾಕು, ನಾಲ್ಕು ತಿಂದರೆ ಹತ್ತು ಗಂಟೆಗೆ ಎದೆಯುರಿ. ಮೊದಲ ದಿನ ಕಮಲಾಪುರ ಸರಿಯಾದ ಜಾಗದಲ್ಲಿದೆ, ಸುಮಾರು 35 ಕಿಲೋಮೀಟರ್‌ಗೆ. ಅಲ್ಲಿನ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಸಿಕ್ಕರೆ ಎರಡು ತಿಂದು, ಎರಡು ಚೀಲಕ್ಕೆ ಹಾಕಿಕೊಳ್ಳಿ, ಮುಂದೆ ಏರು ಶುರುವಾಗುತ್ತದೆ. ರೊಟ್ಟಿ ಊಟ ರಾತ್ರಿಗೆ ಇಟ್ಟುಕೊಳ್ಳಿ, ಖಾನಾವಳಿಯಲ್ಲಿ ಹೊಟ್ಟೆ ತುಂಬ ಉಣ್ಣಿ. ಚೀಲದ ತಳದಲ್ಲಿ ನಾಲ್ಕು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಅಂಗಡಿ ಇಲ್ಲದ ಕಡೆ ಧೈರ್ಯ.

ಹಂತ 8: ಜಾಲಿ ಮುಳ್ಳಿನ ಪಂಚರ್

ಈ ಸೀಮೆಯಲ್ಲಿ ಪಂಚರ್ ಆಗುತ್ತದೆಯೋ ಇಲ್ಲವೋ ಅನ್ನುವ ಪ್ರಶ್ನೆ ಇಲ್ಲ, ದಿನಕ್ಕೆ ಎಷ್ಟು ಅನ್ನುವುದು ಪ್ರಶ್ನೆ. ರಸ್ತೆ ಬದಿಯಲ್ಲೆಲ್ಲ ಬಳ್ಳಾರಿ ಜಾಲಿ. ಕಡಿದು ಎಳೆದೊಯ್ಯುವಾಗ ಮುಳ್ಳು ರಸ್ತೆ ಅಂಚಿಗೆ ಬೀಳುತ್ತದೆ. ಸೈಕಲ್ಲನ್ನು ಎಂದೂ ಜಾಲಿ ನೆರಳಿಗೆ ತಳ್ಳಿಕೊಂಡು ಹೋಗಬೇಡಿ. ಮೂತ್ರಕ್ಕೆ ನಿಂತಾಗಲೂ ಅಷ್ಟೇ, ಸೈಕಲ್ ಡಾಂಬರಿನ ಅಂಚಲ್ಲಿ ನಿಲ್ಲಿಸಿ ನೀವು ಇಳಿದು ಹೋಗಿ.

ಜನ ಮಾಡುವ ತಪ್ಪು ಒಂದೇ: ಪಂಚರ್ ಹಾಕಿ, ಟಯರ್ ಏರಿಸಿ, ಗಾಳಿ ಹೊಡೆದು, ಒಂದು ಕಿಲೋಮೀಟರ್‌ಗೆ ಮತ್ತೆ ಅದೇ ಜಾಗದಲ್ಲಿ ಗಾಳಿ ಹೋಗುವುದು. ಮುಳ್ಳಿನ ತುದಿ ಟಯರಿನೊಳಗೇ ಮುರಿದು ಉಳಿದಿರುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ಸರಿಯಾದ ಕ್ರಮ ಇದು.

ಮೊದಲು ಗಾಲಿ ತಿರುಗಿಸಿ ಹೊರಗಡೆ ನೋಡಿ. ಮುಳ್ಳು ಕಂಡರೆ ಕೀಳಬೇಡಿ, ಆ ಜಾಗಕ್ಕೆ ನೇರವಾಗಿ ಟಯರ್ ಬದಿಯಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಟ್ಯೂಬ್ ತೆಗೆಯುವಾಗ ವಾಲ್ವ್ ಯಾವ ಕಡೆ ಇತ್ತು ಅನ್ನುವುದು ನೆನಪಿರಲಿ. ಟ್ಯೂಬಿಗೆ ಗಾಳಿ ಹೊಡೆದು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಿ. ನೀರಿಲ್ಲದಿದ್ದರೆ ಕೆನ್ನೆ ಹತ್ತಿರ ಹಿಡಿದು ತಿರುಗಿಸಿ, ತಣ್ಣನೆ ಗಾಳಿ ತಾಗುತ್ತದೆ. ಒಂದು ತೂತು ಸಿಕ್ಕಿತು ಅಂತ ನಿಲ್ಲಿಸಬೇಡಿ, ಪೂರ್ತಿ ಸುತ್ತು ನೋಡಿ. ಜಾಲಿ ಮುಳ್ಳು ಟ್ಯೂಬಿನ ಆಚೆ ಬದಿಯವರೆಗೂ ತೂರಿ ಎರಡು ತೂತು ಮಾಡಿರುತ್ತದೆ.

ಈಗ ಆ ಹಳೆ ಬನಿಯನ್ ತೆಗೆಯಿರಿ. ಮುದುಡಿ ಟಯರಿನ ಒಳಗೆ ಮೆಲ್ಲಗೆ ಒರೆಸುತ್ತಾ ಹೋಗಿ. ಮುಳ್ಳಿನ ತುದಿ ಇರುವ ಕಡೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳು ಹಾಕಿದರೆ ಬೆರಳಿಗೇ ಮುರಿಯುತ್ತದೆ. ಚಿಮಟದಿಂದ ಒಳಗಿನಿಂದ ಎಳೆಯಿರಿ, ಬರದಿದ್ದರೆ ಆಲನ್ ಕೀ ತುದಿಯಿಂದ ಹೊರಕ್ಕೆ ದೂಡಿ. ಇಷ್ಟಾದ ಮೇಲೆಯೇ ಹೊಸ ಟ್ಯೂಬ್ ಹಾಕುವುದು. ತೂತಾದದ್ದನ್ನು ರಾತ್ರಿ ಲಾಡ್ಜಿನ ಬಕೆಟ್ ನೀರಲ್ಲಿ ನಿಧಾನ ನೋಡಿ ಪ್ಯಾಚ್ ಹಾಕಿ. ದಾರಿಯಲ್ಲಿ ಪ್ಯಾಚ್ ಹಾಕುವಾಗ ಸೊಲ್ಯೂಷನ್ ಒಣಗಲು ಬಿಡದೆ ಅವಸರ ಮಾಡಿದರೆ ಅದು ಬಿಸಿಲಿಗೆ ಎದ್ದು ಬರುತ್ತದೆ.

ಹಂತ 9: ರಸ್ತೆ ಮೇಲಿನ ಎಚ್ಚರ

ಕಬ್ಬಿನ ಟ್ರ್ಯಾಕ್ಟರ್. ಚಳಿಗಾಲ ಅಂದರೆ ಹುಮನಾಬಾದ್, ಭಾಲ್ಕಿ ಕಡೆ ಕಬ್ಬು ಕಡಿಯುವ ಕಾಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಇಂಜಿನ್ ದಾಟಿತು, ಮೊದಲ ಟ್ರೇಲರ್ ದಾಟಿತು ಅಂತ ಒಳಗೆ ಸರಿದರೆ, ಎರಡನೆಯದು ಬಾಲದ ಹಾಗೆ ಅಡ್ಡಾದಿಡ್ಡಿ ಬೀಸಿ ಬರುತ್ತದೆ. ಹೊರಚಾಚಿದ ಕಬ್ಬು ಮುಖಕ್ಕೇ ತಾಗುವ ಎತ್ತರದಲ್ಲಿರುತ್ತದೆ. ಶಬ್ದ ಕೇಳಿದ ಕೂಡಲೇ ಡಾಂಬರು ಬಿಟ್ಟು ಇಳಿದು ನಿಲ್ಲಿ.

ರಸ್ತೆ ಮೇಲಿನ ರಾಶಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ಲು. ಒಳರಸ್ತೆಗಳಲ್ಲಿ ಕಟ್ಟಿಗೆಸಹಿತ ಹರಡಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ರಾಶಿ ಎತ್ತಿದ ಮೇಲೂ ಕಲ್ಲು ಅಲ್ಲೇ ಉಳಿದಿರುತ್ತದೆ. ತೊಗರಿ ಕಡ್ಡಿ ಗೇರಿಗೆ ಸುತ್ತಿಕೊಂಡರೆ ಗೇರಿನ ಕೊಕ್ಕೆ ಬಾಗುತ್ತದೆ. ಇಳಿದು ತಳ್ಳಿ.

ಎರೆಮಣ್ಣು. ಮ್ಯಾಪ್ ತೋರಿಸುವ ಅಡ್ಡದಾರಿ ಹಲವು ಸಲ ಹೊಲದ ಬಂಡಿದಾರಿ ಆಗಿರುತ್ತದೆ. ಒಂದು ಅಡ್ಡಮಳೆ ಬಿದ್ದಿದ್ದರೂ ಅದರಲ್ಲಿ ಇಳಿಯಬೇಡಿ. ಗಾಲಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಮಣ್ಣು, ಹುಲ್ಲು, ಕಡ್ಡಿ ಸೇರಿ ಮಡ್‌ಗಾರ್ಡ್ ಒಳಗೆ ಗಟ್ಟಿ ಕುಳಿತುಕೊಳ್ಳುತ್ತದೆ. ಆಮೇಲೆ ಸೈಕಲ್ಲನ್ನು ನೀವು ಹೊರಬೇಕು.

ನಾಯಿ. ಧಾಬಾ, ತಾಂಡಾ ಹತ್ತಿರ ಬೆನ್ನಟ್ಟುತ್ತವೆ. ವೇಗ ಹೆಚ್ಚಿಸಬೇಡಿ. ಇಳಿದು, ಸೈಕಲ್ ನಡುವೆ ಇಟ್ಟುಕೊಂಡು ಮೆಲ್ಲಗೆ ನಡೆಯಿರಿ. ಕಚ್ಚಿದರೆ, ಪರಚಿದರೂ ಕೂಡ, ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಸರಕಾರಿ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ ಏನೂ ಬೇಡ.

ಹಂತ 10: ಯಾವಾಗ ನಿಲ್ಲಿಸಬೇಕು

ಮೂತ್ರ ಕಡು ಹಳದಿ ಆದರೆ ನೀರು ಸಾಲದು, ನೆರಳಲ್ಲಿ ಕೂತು ಕುಡಿಯಿರಿ. ತಲೆಸುತ್ತು, ವಾಂತಿ ಬರುವ ಹಾಗಾದರೆ ಅವತ್ತಿನ ಸವಾರಿ ಮುಗಿಯಿತು. ಬಿಸಿಲಲ್ಲಿದ್ದೂ ಮೈ ಜುಮ್ಮೆಂದು ಚಳಿ ಅನ್ನಿಸಿದರೆ, ಜೊತೆಗಾರ ತಡಬಡಾಯಿಸಿ ಮಾತಾಡಿದರೆ ಕಾಯಬೇಡಿ. ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಕರೆ ಮಾಡಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಸೈಕಲ್ಲೂ ಮುಂಚೆಯೇ ಹೇಳುತ್ತದೆ. ಗಾಲಿ ಸುತ್ತಿಗೊಮ್ಮೆ ಬ್ರೇಕಿಗೆ ಉಜ್ಜಿದರೆ ಕಡ್ಡಿ ಮುರಿದಿರಬಹುದು. ತುಳಿದಾಗ ಚೈನು ಜಿಗಿದರೆ ಕೊಳೆ ತುಂಬಿದೆ ಅಥವಾ ಸವೆದಿದೆ. ದಿನಾ ರಾತ್ರಿ ಚೈನು ಒಣ ಬಟ್ಟೆಯಲ್ಲಿ ಒರೆಸಿ, ಒಂದೊಂದು ಹನಿ ಎಣ್ಣೆ ಬಿಟ್ಟು, ಮೇಲಿನ ಜಿಡ್ಡು ಮತ್ತೆ ಒರೆಸಿ. ಸುರಿದರೆ ದೂಳು ಕಚ್ಚಿ ಇನ್ನೂ ಬೇಗ ಸವೆಯುತ್ತದೆ.

ಹಂತ 11: ಬಸ್ಸಿಗೆ ಹಾಕುವುದು ಗೊತ್ತಿರಲಿ

ಅರ್ಧಕ್ಕೆ ಬಿಡಬೇಕಾಗಿ ಬಂದರೆ ಹೆದ್ದಾರಿಯಲ್ಲಿ ಕೈ ತೋರಿಸಬೇಡಿ, ಬಸ್ ಸ್ಟ್ಯಾಂಡಿಗೇ ಹೋಗಿ. ಹೊರಡುವ ಹೊತ್ತಿಗೆ ಕಾಲು ತಾಸು ಮುಂಚೆ ಕಂಡಕ್ಟರ್‌ಗೆ ಹೇಳಿ, ಲಗೇಜ್ ಚೀಟಿ ತೆಗೆದುಕೊಳ್ಳಿ. ಜಾಗ ಇಲ್ಲ ಅಂದರೆ ವಾದ ಮಾಡದೆ ಮುಂದಿನ ಬಸ್ ನೋಡಿ. ಚೀಲ ಬಿಚ್ಚಿ ಕೈಯಲ್ಲಿ ಇಟ್ಟುಕೊಳ್ಳಿ, ಪೆಡಲ್ ಕಳಚಿ, ಹ್ಯಾಂಡಲ್ ಅಡ್ಡ ತಿರುಗಿಸಿ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಸೈಕಲ್ಲನ್ನು ಗೇರ್ ಇರುವ ಬದಿ ಮೇಲೆ ಬರುವ ಹಾಗೆ ಮಲಗಿಸಿ, ಟ್ಯೂಬಿನ ಪಟ್ಟಿಯಿಂದ ಎರಡು ಕಡೆ ಕಟ್ಟಿ. ಇಳಿದ ಮೇಲೆ ಹತ್ತುವ ಮುಂಚೆ ಎರಡೂ ಬ್ರೇಕ್ ಒತ್ತಿ ನೋಡಿ.